ರಕ್ತದ ಆರ್‌ಎನ್‌ಎ ಪರೀಕ್ಷೆ: ಇಪ್ಪತ್ತಾರು ಸಾವಿರಕ್ಕೆ ಸಿಕ್ಕಿದ ಒಂದು ಅಂಕ

ದೊಡ್ಡಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ರೋಗ ಮರಳುವ ಸಂಭವ ಎಷ್ಟೆಂಬುದನ್ನು ರಕ್ತದೊಳಗಿನ ನಾನ್‌ಕೋಡಿಂಗ್ (ಅಂದರೆ ಪ್ರೋಟೀನಿಗೆ ಸಂಕೇತವಲ್ಲದ) ಆರ್‌ಎನ್‌ಎ ಅಳೆದು ತಿಳಿಸುತ್ತೇವೆ ಎನ್ನುವ ಪರೀಕ್ಷೆಯೊಂದನ್ನು ನಮ್ಮ ಸೋದರಮಾವನಿಗೆ ಮಾಡಿಸಿದೆವು. ಬೆಲೆ 26,500 ರೂಪಾಯಿ. ವಿಮೆಯಲ್ಲಿ ಒಂದು ಪೈಸೆಯೂ ವಾಪಸು ಬರಲಿಲ್ಲ. ಪರೀಕ್ಷೆ ನಡೆಸಿದ ಖಾಸಗಿ ಪ್ರಯೋಗಾಲಯದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಂಥದ್ದೇ ಪ್ಯಾಕೇಜನ್ನು ಬೇರೆಯವರೂ ಮಾರಬಹುದು, ಮತ್ತು ನಾನು ಬರೆಯಹೊರಟಿರುವುದು ಒಂದು ಸಂಸ್ಥೆಯ ಮೇಲಿನ ದೂರಿಗಿಂತ ಹೆಚ್ಚಾಗಿ ಒಂದು ಬಗೆಯ ಪರೀಕ್ಷೆಯ ವಿಮರ್ಶೆ. ಪದವಿ ಕಾಲೇಜಿನಲ್ಲಿ ಹಲವು ವರ್ಷ ಜೀವರಸಾಯನಶಾಸ್ತ್ರ ಪಾಠ ಮಾಡಿದವನಾದ್ದರಿಂದ ವರದಿಯನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲೆನೆಂಬ ಧೈರ್ಯ ನನಗಿತ್ತು. ಆ ಧೈರ್ಯವೇ ನಮ್ಮನ್ನು ಖರ್ಚಿಗೆ ನೂಕಿತು ಎಂದರೂ ತಪ್ಪಲ್ಲ.

ಮಾವನಿಗೆ 67 ವರ್ಷ. ಅರಸೀಕೆರೆಯ ಕಡೆ ಹೈಸ್ಕೂಲು ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ವರ್ಷದ ಹಿಂದೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆಯಲ್ಲಿ ಐದಾರು ತಿಂಗಳು ಕಳೆದ ಮೇಲೆ, ಈ ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಒಬ್ಬ ವೈದ್ಯರು ಕೇಳಿದರು. ಕೊಲೊನೊಸ್ಕೋಪಿ ಮಾಡಿಸಿದಾಗ ಬಲಭಾಗದ ದೊಡ್ಡಕರುಳಿನಲ್ಲಿ ಗಡ್ಡೆ ಕಂಡಿತು. ಬಲಭಾಗದ ಗಡ್ಡೆಗಳು ಹೀಗೆಯೇ: ಅಲ್ಲಿ ಕರುಳು ಅಗಲ, ಮಲ ಇನ್ನೂ ತೆಳು, ಆದ್ದರಿಂದ ಮಲಬದ್ಧತೆಯಾಗಲಿ ಕಣ್ಣಿಗೆ ಕಾಣುವ ರಕ್ತವಾಗಲಿ ಇಲ್ಲದೆ ಬರೀ ರಕ್ತಹೀನತೆಯಾಗಿ ತೋರಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ಕರುಳಿನ ಬಲಭಾಗವನ್ನು ತೆಗೆದರು. ವರದಿಯಲ್ಲಿ ಟಿ3, ಎನ್0: ಗಡ್ಡೆ ಕರುಳಿನ ಸ್ನಾಯುಪದರವನ್ನು ದಾಟಿತ್ತು, ದುಗ್ಧಗ್ರಂಥಿಗಳಿಗೆ ಹರಡಿರಲಿಲ್ಲ. ಪರೀಕ್ಷಿಸಿದ 19 ದುಗ್ಧಗ್ರಂಥಿಗಳಲ್ಲಿ ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ. ಕನಿಷ್ಠ 12 ಗ್ರಂಥಿಗಳನ್ನಾದರೂ ನೋಡಿರಬೇಕೆಂಬುದು ನಿಯಮವಾದ್ದರಿಂದ ಈ ಲೆಕ್ಕ ಸಮಾಧಾನದ್ದೇ. ಅಂದರೆ ಎರಡನೆಯ ಹಂತ.

ಮೂರನೆಯ ಹಂತವಾಗಿದ್ದರೆ ಕಿಮೋಥೆರಪಿ ಬೇಕೇ ಬೇಡವೇ ಎಂಬ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಎರಡನೆಯ ಹಂತದಲ್ಲಿ ಬಹುಪಾಲು ಜನ ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗುತ್ತಾರೆ. ಕೆಲವರಲ್ಲಿ ಮಾತ್ರ ರೋಗ ಮರಳುತ್ತದೆ. ಆ ಕೆಲವರು ಯಾರೆಂಬುದನ್ನು ಮೊದಲೇ ತಿಳಿಯುವುದು ಕಷ್ಟ. ಬ್ರಿಟನ್ನಿನ ಕ್ವೇಸರ್ ಅಧ್ಯಯನ 2007ರಲ್ಲಿ ಪ್ರಕಟವಾದಾಗ, ಹೆಚ್ಚಿನವರು ಎರಡನೆಯ ಹಂತದವರೇ ಆಗಿದ್ದ 3,239 ರೋಗಿಗಳಲ್ಲಿ ಕಿಮೋಥೆರಪಿಯಿಂದ ಬದುಕುಳಿಯುವವರ ಪ್ರಮಾಣದಲ್ಲಿ ಆದ ಹೆಚ್ಚಳ ಶೇಕಡಾ 3.6ರಷ್ಟೆಂದು ಅಂದಾಜಿಸಿತು. ನೂರು ಜನ ತಿಂಗಳುಗಟ್ಟಲೆ ಔಷಧ ತೆಗೆದುಕೊಂಡರೆ ಮೂರೋ ನಾಲ್ಕೋ ಮಂದಿಗೆ ಅದರಿಂದ ಜೀವ ಉಳಿದಂತೆ. ಉಳಿದವರಿಗೆ ವಾಂತಿ, ಭೇದಿ, ಅಂಗೈ ಅಂಗಾಲು ಸುಲಿಯುವುದು. ಇಂಥ ಕಡೆ ರೋಗದ ಮುಂದಿನ ಗತಿಯನ್ನು ಹೇಳಬಲ್ಲ ಒಳ್ಳೆಯ ಸೂಚಕವೊಂದು ಸಿಕ್ಕರೆ ಅದಕ್ಕೆ ನಿಜವಾದ ಬೆಲೆಯಿದೆ. ಮಾರುವವರು ಹಿಡಿಯುವುದೂ ಈ ಸಂದಿಯನ್ನೇ.

ಸೇವೆಯಲ್ಲಿ ಮೆಚ್ಚುವಂಥದ್ದನ್ನು ಮೊದಲು ಹೇಳುತ್ತೇನೆ. ಫೋನಿನಲ್ಲಿ ಮಾತನಾಡಿದವರು ಸಭ್ಯರು, ಕನ್ನಡದಲ್ಲಿಯೇ ವಿವರಿಸಿದರು. ಹೇಳಿದ ದಿನ, ಹೇಳಿದ ಹೊತ್ತಿಗೆ ಬೆಳಿಗ್ಗೆ ಎಂಟೂವರೆಗೆ ಹುಡುಗನೊಬ್ಬ ಮನೆಗೆ ಬಂದು, ಮಾವನ ಬತ್ತಿದ ನರವನ್ನು ಒಂದೇ ಸಲಕ್ಕೆ ಹಿಡಿದು ರಕ್ತ ತೆಗೆದ. ಆಸ್ಪತ್ರೆಯಲ್ಲಿ ನಾಲ್ಕು ಬಾರಿ ಚುಚ್ಚಿಸಿಕೊಂಡು ಬೇಸತ್ತಿದ್ದ ಮಾವ ಅವನಿಗೆ ಕಾಫಿ ಕೊಡದೆ ಕಳಿಸಲಿಲ್ಲ. ರಸೀದಿ, ಬಾರ್‌ಕೋಡು, ಒಪ್ಪಿಗೆ ಪತ್ರ ಎಲ್ಲವೂ ಅಚ್ಚುಕಟ್ಟು. ಒಪ್ಪಿಗೆ ಪತ್ರದ ಮೂರನೆಯ ಪುಟದಲ್ಲಿ, ಮಾದರಿಯನ್ನು ಹೆಸರು ತೆಗೆದು ಸಂಶೋಧನೆಗೆ ಬಳಸಬಹುದೆಂಬ ಸಾಲಿತ್ತು. ಬೇಡವೆಂದು ಗುರುತು ಹಾಕಲು ಚೌಕವೂ ಇತ್ತು. ಇಷ್ಟು ಮರ್ಯಾದೆಯನ್ನು ಎಷ್ಟೋ ಕಡೆ ಕಾಣೆ.

ತೊಡಕು ಶುರುವಾದದ್ದು ಆ ಹುಡುಗ ಗೇಟು ದಾಟಿದ ಮೇಲೆ. ನೇರಳೆ ಮುಚ್ಚಳದ ಎರಡು ಟ್ಯೂಬುಗಳನ್ನು ಜೆಲ್ ಪ್ಯಾಕಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಅವನು ಇನ್ನೂ ಮೂರು ಮನೆಗಳಿಗೆ ಹೋಗಬೇಕಿತ್ತು. ಅಲ್ಲಿಂದ ಹಾಸನ, ಹಾಸನದಿಂದ ಕೊರಿಯರಿನಲ್ಲಿ ಬೆಂಗಳೂರು. ಆ್ಯಪಿನಲ್ಲಿ 'ಮಾದರಿ ಪ್ರಯೋಗಾಲಯ ತಲುಪಿದೆ' ಎಂದು ಕಾಣಿಸಿಕೊಂಡದ್ದು ರಾತ್ರಿ 9.40ಕ್ಕೆ. ಹದಿಮೂರು ತಾಸು ರಕ್ತವು ರಕ್ತವಾಗಿಯೇ ಉಳಿದಿತ್ತು. ಅದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಿರಲಿಲ್ಲ. ಕೊಲೆಸ್ಟರಾಲ್ ನೋಡುವುದಾದರೆ ಇದನ್ನು ಹೇಗೋ ಸರಿದೂಗಿಸಬಹುದು. ಆರ್‌ಎನ್‌ಎ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ.

ವರದಿ 19 ದಿನಕ್ಕೆ ಬಂತು. ಹತ್ತು ದಿನವೆಂದು ಹೇಳಿದ್ದರು. ಶಸ್ತ್ರಚಿಕಿತ್ಸೆಯ ನಂತರ ಕಿಮೋಥೆರಪಿ ಕೊಡುವುದಿದ್ದರೆ ಸುಮಾರು ಎಂಟು ವಾರದೊಳಗೆ ಆರಂಭಿಸುವುದು ರೂಢಿ. ಮಾವನ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವಾರಕ್ಕೆ ರಕ್ತ ಕೊಟ್ಟಿದ್ದೆವು, ಹಾಗಾಗಿ ವರದಿ ಕೈಸೇರುವ ಹೊತ್ತಿಗೆ ಆರೂಮುಕ್ಕಾಲು ವಾರ ಕಳೆದಿತ್ತು. ಹದಿನಾಲ್ಕು ಪುಟದ ಆ ಕಡತ ನೋಡಲು ಬಲು ಚೆಂದ. ಮೊದಲ ಪುಟದಲ್ಲಿ ಹಸಿರಿನಿಂದ ಕೆಂಪಿಗೆ ತಿರುಗುವ ಅರ್ಧಚಂದ್ರಾಕಾರದ ಮೀಟರು, ಮುಳ್ಳು ಕೆಂಪಿನಲ್ಲಿ, ಕೆಳಗೆ 'ಅಪಾಯಾಂಕ 72, ಹೆಚ್ಚಿನ ಅಪಾಯ'. ಎರಡನೆಯ ಪುಟದಲ್ಲಿ ಐದು ಆರ್‌ಎನ್‌ಎಗಳ ಹೆಸರು: ಮೈಆರ್-21, ಮೈಆರ್-92ಎ, ಮೈಆರ್-31, ಹಾಟ್‌ಏರ್, ಮಲಾಟ್-1. ಒಂದೊಂದರ ಮುಂದೆ ಮೇಲ್ಮುಖದ ಅಥವಾ ಕೆಳಮುಖದ ಬಾಣ. ಉಳಿದ ಪುಟಗಳಲ್ಲಿ ಸೊಪ್ಪು ತರಕಾರಿ ತಿನ್ನುವ ಸಲಹೆ, ಆರ್‌ಎನ್‌ಎ ಎಂದರೇನು ಎಂಬ ಚಿತ್ರ, ಮತ್ತು ಕೊನೆಯ ಪುಟದ ಬುಡದಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ 'ಚಿಕಿತ್ಸೆಯ ನಿರ್ಧಾರಕ್ಕೆ ಇದೊಂದನ್ನೇ ಆಧಾರವಾಗಿಸಿಕೊಳ್ಳಬಾರದು' ಎಂಬ ಎಚ್ಚರಿಕೆ. ಮೀಟರನ್ನು ಕಂಡ ಮಾವ ಅಂದು ರಾತ್ರಿ ಊಟ ಮಾಡಲಿಲ್ಲ.

ಈ ಐದು ಹೆಸರುಗಳಲ್ಲಿ ಯಾವುದೂ ಬೂಟಾಟಿಕೆಯದಲ್ಲ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಮನುಷ್ಯನ ಜೀನೋಮಿನಲ್ಲಿ ಪ್ರೋಟೀನಿಗೆ ಸಂಕೇತವಾಗಿರುವ ಭಾಗ ಶೇಕಡಾ 2ಕ್ಕಿಂತ ಕಡಿಮೆ. ಉಳಿದ ಬಹುಭಾಗದಿಂದಲೂ ಆರ್‌ಎನ್‌ಎ ನಕಲುಗಳು ತಯಾರಾಗುತ್ತವೆ, ಅವು ಪ್ರೋಟೀನ್ ಆಗುವುದಿಲ್ಲ, ಆದರೆ ಅವುಗಳಲ್ಲಿ ಕೆಲವು ಯಾವ ಜೀನು ಎಷ್ಟು ಕೆಲಸ ಮಾಡಬೇಕೆಂಬುದನ್ನು ಹಿಡಿತದಲ್ಲಿಡುತ್ತವೆ. ಸುಮಾರು 22 ಅಕ್ಷರಗಳ ಪುಟ್ಟ ತುಣುಕುಗಳಿಗೆ ಮೈಕ್ರೋಆರ್‌ಎನ್‌ಎ (ವರದಿಯ 'ಮೈಆರ್'ಗಳು ಇವೇ) ಎಂದೂ, 200 ಅಕ್ಷರಗಳಿಗಿಂತ ಉದ್ದದವುಗಳಿಗೆ ಲಾಂಗ್ ನಾನ್‌ಕೋಡಿಂಗ್ ಆರ್‌ಎನ್‌ಎ (ಹಾಟ್‌ಏರ್, ಮಲಾಟ್-1 ಈ ಬಗೆಯವು) ಎಂದೂ ಹೆಸರು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಈ ಪುಟ್ಟ ಆರ್‌ಎನ್‌ಎ ಕೆಲಸ ಮಾಡುವ ಬಗೆಯನ್ನು ತೋರಿಸಿದಾಗ ಅದು ಆ ಹುಳುವಿನ ವೈಚಿತ್ರ್ಯವಿರಬೇಕೆಂದು ಹಲವರು ತಳ್ಳಿಹಾಕಿದ್ದರು. 2024ರಲ್ಲಿ ಅದಕ್ಕೇ ನೊಬೆಲ್ ಬಂತು. ವರದಿಯ ಒಂಬತ್ತನೆಯ ಪುಟದಲ್ಲಿ ಆ ನೊಬೆಲ್ ಪದಕದ ಚಿತ್ರವನ್ನೂ ಅಚ್ಚು ಹಾಕಿದ್ದಾರೆ. ತೆಂಗಿನಕಾಯಿ ಮಾರುವವನು ನ್ಯೂಟನ್ನನ ಪಟ ಇಟ್ಟುಕೊಂಡರೆ ಹೇಗೋ ಇದೂ ಹಾಗೆ.

ದೊಡ್ಡಕರುಳಿನ ಕ್ಯಾನ್ಸರಿಗೂ ಈ ಆರ್‌ಎನ್‌ಎಗಳಿಗೂ ಇರುವ ಸಂಬಂಧದಲ್ಲಿ ಹೆಚ್ಚು ಅಭ್ಯಾಸವಾಗಿರುವುದು ಮೈಆರ್-21. 2008ರಲ್ಲಿ ಅಮೆರಿಕದ ಮೇರಿಲ್ಯಾಂಡಿನ 84 ರೋಗಿಗಳ ಗಡ್ಡೆಗಳಲ್ಲಿ ಅಳೆದು, ಮತ್ತೆ ಹಾಂಗ್‌ಕಾಂಗಿನ 113 ರೋಗಿಗಳಲ್ಲಿ ಪರಿಶೀಲಿಸಿದ ಅಧ್ಯಯನದಲ್ಲಿ, ಗಡ್ಡೆಯಲ್ಲಿ ಮೈಆರ್-21 ಹೆಚ್ಚಿದ್ದವರು ಕಡಿಮೆ ಕಾಲ ಬದುಕಿದ್ದು ಕಂಡುಬಂತು. ಎರಡು ಖಂಡಗಳಲ್ಲಿ ಒಂದೇ ಫಲಿತಾಂಶ ಬಂದದ್ದು ಸಣ್ಣ ಮಾತಲ್ಲ. ಗಡ್ಡೆಗೆ ಕಡಿವಾಣ ಹಾಕುವ ಪಿಡಿಸಿಡಿ-4, ಪಿಟೆನ್ ಮುಂತಾದ ಪ್ರೋಟೀನುಗಳ ತಯಾರಿಯನ್ನು ಮೈಆರ್-21 ತಗ್ಗಿಸುತ್ತದೆ ಎಂಬ ವಿವರಣೆಯೂ ಅದಕ್ಕೆ ಒದಗಿತು. ಆದರೆ ಮುಂದೆ ಡೆನ್ಮಾರ್ಕಿನ ಸಂಶೋಧಕರು ಗಡ್ಡೆಯ ಸೀಳುಗಳಲ್ಲಿ ಬಣ್ಣ ಹಾಕಿ ನೋಡಿದಾಗ, ಈ ಆರ್‌ಎನ್‌ಎ ಹೆಚ್ಚಾಗಿ ಕಂಡದ್ದು ಕ್ಯಾನ್ಸರ್ ಕಣಗಳಲ್ಲಲ್ಲ, ಅವುಗಳ ಸುತ್ತಲಿನ ನಾರಿನ ಅಂಗಾಂಶದ ಕಣಗಳಲ್ಲಿ. ಆದ್ದರಿಂದ ಮೈಆರ್-21 ಹೆಚ್ಚಿದೆ ಎನ್ನುವ ಮಾತಿನ ಅರ್ಥ, ಗಡ್ಡೆಯೊಳಗೆ ನಾರು ಹೆಚ್ಚಿದೆ ಎಂಬುದೂ ಆಗಿರಬಹುದು. ಸೂಚಕವಾಗಿ ಅದಕ್ಕೂ ಬೆಲೆಯಿದೆ, ಆದರೆ ಅದು ಹೇಳುತ್ತಿರುವ ಕಥೆ ಬೇರೆ.

ಇದಕ್ಕಿಂತ ಪಾಠ ಕಲಿಸುವಂಥದ್ದು ಮೈಆರ್-143 ಮತ್ತು ಮೈಆರ್-145ರ ಪ್ರಸಂಗ. ಕರುಳಿನ ಗಡ್ಡೆಗಳಲ್ಲಿ ಈ ಜೋಡಿ ಇಳಿದಿರುತ್ತದೆ ಎಂದು 2003ರಲ್ಲಿಯೇ ಪ್ರಕಟವಾಗಿತ್ತು. ಕರುಳಿನ ಕ್ಯಾನ್ಸರಿಗೂ ಮೈಕ್ರೋಆರ್‌ಎನ್‌ಎಗೂ ಗಂಟು ಹಾಕಿದ ಮೊದಲ ವರದಿಗಳಲ್ಲೊಂದು ಅದು. ಹತ್ತು ವರ್ಷ ಇವೆರಡನ್ನೂ ಕ್ಯಾನ್ಸರನ್ನು ತಡೆಯುವ ಆರ್‌ಎನ್‌ಎಗಳೆಂದೇ ಎಲ್ಲರೂ ಬರೆದರು. 2014ರಲ್ಲಿ ಇಲಿಗಳ ಕರುಳನ್ನು ಪದರ ಪದರವಾಗಿ ಪರೀಕ್ಷಿಸಿದವರಿಗೆ, ಇವು ಕರುಳಿನ ಒಳಪೊರೆಯ ಕಣಗಳಲ್ಲಿ ಇರುವುದೇ ಇಲ್ಲವೆಂದೂ, ಅಡಿಯ ಸ್ನಾಯು ಮತ್ತು ನಾರಿನ ಕಣಗಳಲ್ಲಿ ಮಾತ್ರ ಇವೆಯೆಂದೂ ತಿಳಿಯಿತು. ಕ್ಯಾನ್ಸರ್ ಹುಟ್ಟುವುದು ಒಳಪೊರೆಯಿಂದ. ಆರೋಗ್ಯವಂತ ಕರುಳಿನ ತುಣುಕಿನಲ್ಲಿ ಸ್ನಾಯು ಹೆಚ್ಚು, ಗಡ್ಡೆಯ ತುಣುಕಿನಲ್ಲಿ ಕಡಿಮೆ; ಇಳಿಕೆಯೆಂದು ಕಂಡದ್ದು ಬಹುಮಟ್ಟಿಗೆ ಈ ಬೆರಕೆಯ ವ್ಯತ್ಯಾಸ. ಅಕ್ಕಿ ಮೂಟೆಯಲ್ಲಿ ಕಲ್ಲು ಕಡಿಮೆಯಾದದ್ದಕ್ಕೆ ಅಕ್ಕಿಯ ಗುಣ ಬದಲಾಯಿತು ಎಂದ ಹಾಗೆ. ಅಳತೆಯಲ್ಲಿ ತಪ್ಪಿರಲಿಲ್ಲ; ಅದನ್ನು ಓದಿದ ರೀತಿಯಲ್ಲಿ ತಪ್ಪಿತ್ತು.

ಹಾಟ್‌ಏರ್ ವಿಷಯ ಬೇಗ ಮುಗಿಸುತ್ತೇನೆ. 2011ರಲ್ಲಿ ಜಪಾನಿನ 100 ರೋಗಿಗಳ ಗಡ್ಡೆಗಳಲ್ಲಿ ಇದು ಹೆಚ್ಚಿದ್ದವರಿಗೆ ಯಕೃತ್ತಿಗೆ ರೋಗ ಹರಡುವುದು ಹೆಚ್ಚೆಂದೂ ಬದುಕು ಕಡಿಮೆಯೆಂದೂ ಕಂಡಿತ್ತು. ಒಳ್ಳೆಯ ಅಧ್ಯಯನ, ಆದರೆ ನೋಡಿದ್ದು ಗಡ್ಡೆಯ ಅಂಗಾಂಶವನ್ನು. ನಮ್ಮಿಂದ ತೆಗೆದುಕೊಂಡದ್ದು ರಕ್ತ.

ಈ ಪರೀಕ್ಷೆಯ ಬಗ್ಗೆ ನನ್ನ ಮುಖ್ಯ ತಕರಾರು ಇರುವುದು ಇಲ್ಲಿಯೇ. ಮೈಕ್ರೋಆರ್‌ಎನ್‌ಎಗಳು ಪ್ರೋಟೀನುಗಳಿಗೆ ಅಂಟಿಕೊಂಡೋ ಸಣ್ಣ ಕೊಬ್ಬಿನ ಚೀಲಗಳೊಳಗೆ ಸೇರಿಕೊಂಡೋ ಪ್ಲಾಸ್ಮಾದಲ್ಲಿ ಕೊಳೆಯದೆ ಉಳಿಯುತ್ತವೆ ಎಂಬುದು 2008ರಿಂದ ತಿಳಿದ ಸಂಗತಿ. ರಕ್ತಪರೀಕ್ಷೆಯ ಆಸೆ ಹುಟ್ಟಿದ್ದೇ ಅದರಿಂದ. ಆದರೆ ಮಾವನ ರಕ್ತ ತೆಗೆದ ದಿನ ಅವರ ಹೊಟ್ಟೆಯಲ್ಲಿ ಗಡ್ಡೆಯೇ ಇರಲಿಲ್ಲ. ಅದನ್ನು ತೆಗೆದು ನಾಲ್ಕು ವಾರವಾಗಿತ್ತು. ಗಡ್ಡೆಯಲ್ಲಿ ಅಳೆದ ಮೈಆರ್-21ರಿಂದ ಸಿದ್ಧವಾದ ತರ್ಕವನ್ನು ಗಡ್ಡೆ ಇಲ್ಲದವರ ರಕ್ತಕ್ಕೆ ಅನ್ವಯಿಸುವುದು ಹೇಗೆ? ಗಾಯ ಮಾಯುವಾಗ, ಉರಿಯೂತವಿದ್ದಾಗ, ಹೃದಯದ ತೊಂದರೆಯಿದ್ದಾಗಲೂ ಮೈಆರ್-21 ಏರಬಲ್ಲದು. ಮಾವನ ಹೊಟ್ಟೆಯ ಹೊಲಿಗೆ ಇನ್ನೂ ಹಸಿ, ಜೊತೆಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಆ ಮೇಲ್ಮುಖದ ಬಾಣ ಯಾವುದನ್ನು ತೋರಿಸುತ್ತಿತ್ತೋ! ಅರ್ಜಿಯಲ್ಲಿ ಶಸ್ತ್ರಚಿಕಿತ್ಸೆಯ ದಿನಾಂಕ ಕೇಳುವ ಕಲಮೇ ಇರಲಿಲ್ಲವೆಂಬುದನ್ನು ಆಮೇಲೆ ಗಮನಿಸಿದೆ.

ಹದಿಮೂರು ತಾಸಿನ ಪ್ರಯಾಣದ ಮಾತಿಗೆ ಮರಳುತ್ತೇನೆ. ರಕ್ತವನ್ನು ಬೇರ್ಪಡಿಸದೆ ಇಟ್ಟಷ್ಟೂ, ಕುಲುಕಿದಷ್ಟೂ ಕೆಂಪು ರಕ್ತಕಣಗಳು ಒಡೆದು ಒಳಗಿನದೆಲ್ಲ ಪ್ಲಾಸ್ಮಾಕ್ಕೆ ಸುರಿಯುತ್ತದೆ. ಮೈಆರ್-451, ಮೈಆರ್-16 ಮಾತ್ರವಲ್ಲ, ಈ ಪ್ಯಾನೆಲಿನಲ್ಲಿಯೇ ಇರುವ ಮೈಆರ್-92ಎ ಕೂಡ ಕೆಂಪು ಕಣಗಳಲ್ಲಿ ಹೇರಳ. ಅಂದಮೇಲೆ ಟ್ಯೂಬಿನಲ್ಲಿ ಒಂದಿಷ್ಟು ಕಣ ಒಡೆದರೂ ಸಾಕು, ಕ್ಯಾನ್ಸರಿನ ಗಂಧವೂ ಇಲ್ಲದವರ ವರದಿಯಲ್ಲಿ ಅದು ಏರಿದಂತೆ ಕಾಣುತ್ತದೆ. ಇದನ್ನು ಹಿಡಿಯುವ ವಿಧಾನ ಕಷ್ಟದ್ದೇನಲ್ಲ: ಕೆಂಪು ಕಣಗಳಲ್ಲಿರುವ ಮೈಆರ್-451ಎ ಮತ್ತು ಕಣ ಒಡೆದರೂ ಹೆಚ್ಚು ಬದಲಾಗದ ಮೈಆರ್-23ಎ, ಇವೆರಡರ ಅಳತೆಯ ಅಂತರವನ್ನು ನೋಡುವುದು; ಅಂತರ 7 ಸುತ್ತುಗಳನ್ನು ಮೀರಿದರೆ ಮಾದರಿ ಕೆಟ್ಟಿರುವ ಸಂಭವ ಹೆಚ್ಚು. ಆರ್‌ಎನ್‌ಎ ಅಳೆಯುವ ಪಿಸಿಆರ್ ಯಂತ್ರದಲ್ಲಿ ಒಂದು ಸುತ್ತೆಂದರೆ ಪ್ರಮಾಣದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಿನ ವ್ಯತ್ಯಾಸ. ಹದಿನಾಲ್ಕು ಪುಟದಲ್ಲಿ ಈ ಪರೀಕ್ಷೆ ಮಾಡಿದ್ದಕ್ಕೆ ಒಂದು ಸಾಲಿನ ಉಲ್ಲೇಖವಿಲ್ಲ. ಯಾವ ಆರ್‌ಎನ್‌ಎಗೆ ಹೋಲಿಸಿ ಏರಿಳಿತ ಹೇಳಿದ್ದಾರೆಂಬುದೂ ಇಲ್ಲ. ತಕ್ಕಡಿಯ ಎಡತಟ್ಟೆಯಲ್ಲಿ ಏನಿತ್ತೆಂದು ಹೇಳದೆ ಬಲತಟ್ಟೆ ಭಾರವಾಗಿದೆ ಎಂದರೆ ಒಪ್ಪುವುದು ಹೇಗೆ?

ಇನ್ನು 72ರ ಮಾತು. ಎಷ್ಟರ ಮೇಲೆ ಹೆಚ್ಚಿನ ಅಪಾಯ, ಆ ಗೆರೆಯನ್ನು ಯಾರ ರಕ್ತ ನೋಡಿ ಎಳೆದರು? ಸೂಚಕಗಳ ಅಧ್ಯಯನಗಳಲ್ಲಿ ಬಹಳಷ್ಟು ಸಲ ಆ ಗುಂಪಿನ ಮಧ್ಯಾಂಕವನ್ನೇ ಗೆರೆಯಾಗಿ ತೆಗೆದುಕೊಳ್ಳುತ್ತಾರೆ. ಆಗ ಎಂಥ ಗುಂಪಿನಲ್ಲಾದರೂ ಅರ್ಧ ಜನ ಹೆಚ್ಚಿನ ಅಪಾಯದವರಾಗಿಯೇ ಬೀಳುತ್ತಾರೆ. ಇನ್ನು ಕೆಲವೆಡೆ ಫಲಿತಾಂಶ ಅತ್ಯಂತ ಸ್ಪಷ್ಟವಾಗಿ ಬೇರ್ಪಡುವ ಬಿಂದುವನ್ನು ಹುಡುಕಿ ಗೆರೆ ಎಳೆಯುತ್ತಾರೆ, ಅದು ಆ ಗುಂಪಿನಾಚೆ ನಿಲ್ಲುವುದು ಅಪರೂಪ. ಇಂಥ ಅಡ್ಡದಾರಿಗಳನ್ನು ಬಯಲಿಗೆ ತರಲೆಂದೇ 2005ರಲ್ಲಿ ರಿಮಾರ್ಕ್ ಎಂಬ ಮಾರ್ಗಸೂಚಿ ಬಂತು: ಎಷ್ಟು ರೋಗಿಗಳು, ಎಷ್ಟು ಕಾಲದ ನಿಗಾ, ಗೆರೆ ಎಳೆದ ರೀತಿ, ಹಂತ ಮತ್ತು ವಯಸ್ಸಿನ ಲೆಕ್ಕ ಕಳೆದ ಮೇಲೂ ಸೂಚಕ ನಿಲ್ಲುತ್ತದೆಯೇ ಎಂಬುದನ್ನೆಲ್ಲ ಬರೆಯಬೇಕೆಂದು ಅದು ಕೇಳುತ್ತದೆ. ನಮ್ಮ ವರದಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. 72 ಎಂದರೆ ನೂರರಲ್ಲಿ 72 ಜನರಿಗೆ ರೋಗ ಮರಳುತ್ತದೆ ಎಂದು ಮಾವ ತಿಳಿದುಕೊಂಡಿದ್ದರು. ಹಾಗಲ್ಲವೆಂದು ಅವರಿಗೆ ಒಪ್ಪಿಸಲು ನನಗೆ ಎರಡು ದಿನ ಹಿಡಿಯಿತು, ಹಾಗಾದರೆ ಮತ್ತೇನು ಎಂದು ಅವರು ಕೇಳಿದ್ದಕ್ಕೆ ಉತ್ತರವಂತೂ ನನ್ನಲ್ಲಿರಲಿಲ್ಲ.

ಕ್ಯಾನ್ಸರ್ ವೈದ್ಯರ ಬಳಿಗೆ ಕಡತ ಹಿಡಿದುಕೊಂಡು ಹೋದೆವು. ಅವರು ಮೊದಲ ಪುಟ ನೋಡಿ ಮಗುಚಿಟ್ಟು, "ಮೇಷ್ಟ್ರೇ, ಇದರಿಂದ ನಾನು ಔಷಧಿ ಕೊಡುವುದೂ ಇಲ್ಲ, ನಿಲ್ಲಿಸುವುದೂ ಇಲ್ಲ. ನಿಮ್ಮ ಬ್ಲಾಕು ಎಲ್ಲಿದೆ?" ಎಂದರು. ಬ್ಲಾಕು ಎಂದರೆ ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು. ಅದರ ಮೇಲೆ ಎಂಎಂಆರ್ ಪರೀಕ್ಷೆ ಮಾಡಿಸಿರಲಿಲ್ಲ. ಶಸ್ತ್ರಚಿಕಿತ್ಸೆಯಾದಾಗಲೇ ಆಗಬೇಕಿದ್ದ ಕೆಲಸವದು. ಬಯಾಪ್ಸಿ ವರದಿಯಲ್ಲಿ ಅದಿಲ್ಲವೆಂಬುದು ಜೀವರಸಾಯನಶಾಸ್ತ್ರದ ಮೇಷ್ಟ್ರಾದ ನನಗೂ ಹೊಳೆದಿರಲಿಲ್ಲ. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ನಾಲ್ಕು ಪ್ರೋಟೀನುಗಳು ಗಡ್ಡೆಯಲ್ಲಿ ಇವೆಯೇ ಎಂದು ಬಣ್ಣ ಹಾಕಿ ನೋಡುವ ಪರೀಕ್ಷೆ ಅದು. ನಮಗೆ ತಗಲಿದ ಖರ್ಚು ಆರೂವರೆ ಸಾವಿರ, ಐದು ದಿನದಲ್ಲಿ ಉತ್ತರ: ಎಂಎಲ್‌ಎಚ್-1 ಮತ್ತು ಪಿಎಂಎಸ್-2 ಎರಡೂ ಇಲ್ಲ.

ಇದರ ಅರ್ಥ ವಿಚಿತ್ರವಾದರೂ ಸಿಹಿಯಾದದ್ದು. ಎರಡನೆಯ ಹಂತದಲ್ಲಿ ಈ ದುರಸ್ತಿ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳು ಮರಳುವುದು ಕಡಿಮೆ. ತಪ್ಪುಗಳು ತುಂಬಿದ ಆ ಕಣಗಳನ್ನು ದೇಹದ ರೋಗನಿರೋಧಕ ಪಡೆ ಬೇಗ ಗುರುತಿಸುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಇಂಥವರಿಗೆ ಫ್ಲೋರೊಯುರಾಸಿಲ್ ಅಥವಾ ಅದರ ಮಾತ್ರೆಯ ರೂಪವಾದ ಕ್ಯಾಪೆಸಿಟಾಬಿನ್ ಒಂದನ್ನೇ ಕೊಟ್ಟರೆ ಪ್ರಯೋಜನವಿಲ್ಲ. ಮಾವನಿಗೆ ಕೊಡಬೇಕೋ ಬೇಡವೋ ಎಂದು ತೂಗುತ್ತಿದ್ದದ್ದು ಅದೇ ಮಾತ್ರೆಯನ್ನು. ಹೆಚ್ಚಿನ ಅಪಾಯವೆಂದು ಕೆಂಪು ಮುಳ್ಳು ತೋರಿಸಿದ ಮನುಷ್ಯನಿಗೆ ಕಿಮೋಥೆರಪಿ ಬೇಡವೆಂದು ತೀರ್ಮಾನವಾಯಿತು. ಈ ದೋಷ ವಂಶಪಾರಂಪರ್ಯದ ಲಿಂಚ್ ಸಿಂಡ್ರೋಮಿನಿಂದಲೂ ಬರಬಹುದಾದ್ದರಿಂದ ಅದೇ ಬ್ಲಾಕಿನಲ್ಲಿ ಬಿರಾಫ್ ಜೀನಿನ ಬದಲಾವಣೆಯನ್ನೂ ನೋಡಿದರು. ಅದು ಸಿಕ್ಕಿತು, ಹಾಗಾಗಿ ರೋಗ ವಂಶದ್ದಲ್ಲ, ವಯಸ್ಸಿನಲ್ಲಿ ತಾನಾಗಿ ಬಂದದ್ದೆಂಬ ನಿರ್ಣಯಕ್ಕೆ ಬಲ ಬಂತು. ಮಾವನ ಇಬ್ಬರು ಮಕ್ಕಳ ತಲೆಯ ಮೇಲಿದ್ದ ಭಾರವೂ ಇಳಿಯಿತು.

ಹಾಗೆಂದು ಅಣುಮಟ್ಟದ ಪರೀಕ್ಷೆಗಳೆಲ್ಲ ದಂಡವೆಂದು ನಾನು ಹೇಳುವುದಿಲ್ಲ. ರಕ್ತದಲ್ಲಿ ಗಡ್ಡೆಯ ಡಿಎನ್‌ಎ ತುಣುಕು ಉಳಿದಿದೆಯೇ ಎಂದು ಹುಡುಕುವ ಪರೀಕ್ಷೆಯನ್ನು ಆಸ್ಟ್ರೇಲಿಯದ ಡೈನಮಿಕ್ ಅಧ್ಯಯನದಲ್ಲಿ ಎರಡನೆಯ ಹಂತದ 455 ರೋಗಿಗಳ ಮೇಲೆ ಪ್ರಯೋಗಿಸಿ ನೋಡಿದರು. ಆ ಪರೀಕ್ಷೆಯಂತೆ ನಡೆದವರಲ್ಲಿ ಕಿಮೋಥೆರಪಿ ಪಡೆದವರು ಶೇಕಡಾ 15, ವೈದ್ಯರ ಎಂದಿನ ಅಂದಾಜಿನಂತೆ ನಡೆದವರಲ್ಲಿ ಶೇಕಡಾ 28. ಎರಡು ವರ್ಷ ರೋಗ ಮರಳದೆ ಇದ್ದವರು ಕ್ರಮವಾಗಿ ಶೇಕಡಾ 93.5 ಮತ್ತು 92.4. 2022ರಲ್ಲಿ ಇದು ಪ್ರಕಟವಾಯಿತು. ಪರೀಕ್ಷೆಯ ಉತ್ತರದಂತೆ ಚಿಕಿತ್ಸೆ ಬದಲಿಸಿ, ಅದರಿಂದ ರೋಗಿಗೆ ಏನಾಯಿತೆಂದು ನೋಡುವುದು ಎಂದರೆ ಇದು. ನಾನ್‌ಕೋಡಿಂಗ್ ಆರ್‌ಎನ್‌ಎಗಳಲ್ಲಿ ಚಿಕಿತ್ಸೆಯ ಹತ್ತಿರಕ್ಕೆ ಬಂದದ್ದೆಂದರೆ ಮೈಆರ್-31-3ಪಿ. ಅದನ್ನೂ ಅಳೆದದ್ದು ಗಡ್ಡೆಯ ತುಣುಕಿನಲ್ಲಿ, ರೋಗ ಹರಡಿದ ಮೇಲೆ, ಕಣಗಳಿಗೆ ಬೆಳೆಯುವ ಸಂಕೇತ ಕೊಡುವ ಇಜಿಎಫ್‌ಆರ್ ಪ್ರೋಟೀನನ್ನು ತಡೆಯುವ ಔಷಧ ಯಾರಿಗೆ ಹಿಡಿಸುತ್ತದೆಂದು ತಿಳಿಯಲು. ಶಸ್ತ್ರಚಿಕಿತ್ಸೆ ಮುಗಿದ ಎರಡನೆಯ ಹಂತದವರಿಗೆ ಅದು ಸಂಬಂಧಪಟ್ಟದ್ದಲ್ಲ. ನಮ್ಮ ಪ್ಯಾನೆಲಿನ ಮೈಆರ್-31 ಎಂಬ ಸಾಲಿನಲ್ಲಿ 3ಪಿಯೋ 5ಪಿಯೋ ಎಂಬುದನ್ನೂ ನಮೂದಿಸಿರಲಿಲ್ಲ. ಒಂದೇ ಕಡ್ಡಿಯ ಎರಡು ತುದಿಗಳಿಂದ ಹುಟ್ಟುವ ಬೇರೆ ಬೇರೆ ಆರ್‌ಎನ್‌ಎಗಳವು; ಇಂಥ ಕಡೆ ಅಂಕಿ ಬಿಟ್ಟುಬರೆಯುವುದು ಔಷಧದ ಚೀಟಿಯಲ್ಲಿ ಮಾತ್ರೆಯ ಹೆಸರಿನ ಅರ್ಧವನ್ನು ನುಂಗಿದಂತೆ.

ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿದೆ. ಮೊದಲು ಸಿಕ್ಕವರು ವರದಿಯ ಪ್ರತಿ ಬೇಕೇ ಎಂದರು. ಎರಡನೆಯ ಸಲ ಸಿಕ್ಕವರು ಜೆನೆಟಿಕ್ ಕೌನ್ಸೆಲರ್ ಎಂದು ಪರಿಚಯಿಸಿಕೊಂಡು, ತಾಳ್ಮೆಯಿಂದ ಇಪ್ಪತ್ತು ನಿಮಿಷ ಮಾತನಾಡಿದರು. ಮೈಆರ್-21ರ 2008ರ ಅಧ್ಯಯನವನ್ನು ಅವರೂ ಓದಿದ್ದರು. ಕೆಂಪು ಕಣ ಒಡೆದಿತ್ತೇ, ಗೆರೆ ಎಳೆದದ್ದು ಎಷ್ಟು ಭಾರತೀಯ ರೋಗಿಗಳನ್ನು ಎಷ್ಟು ವರ್ಷ ನೋಡಿ, ಶಸ್ತ್ರಚಿಕಿತ್ಸೆಗೆ ಮೊದಲಿನ ರಕ್ತಕ್ಕೂ ನಂತರದ ರಕ್ತಕ್ಕೂ ಒಂದೇ ಗೆರೆಯೇ ಎಂಬ ಪ್ರಶ್ನೆಗಳನ್ನು ಬರೆದುಕೊಂಡು, ತಾಂತ್ರಿಕ ವಿಭಾಗದಿಂದ ಇ-ಮೇಲ್ ಬರುತ್ತದೆಂದರು. ಬಂದ ಇ-ಮೇಲಿನಲ್ಲಿ ಅವರ ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಮಾಣಪತ್ರವನ್ನು ಲಗತ್ತಿಸಿದ್ದರು. ಆ ಮಾನ್ಯತೆ ಸಿಗುವುದು ಒಂದೊಂದು ಪರೀಕ್ಷೆಗೆ ಪ್ರತ್ಯೇಕವಾಗಿ. ಜೊತೆಗಿದ್ದ ಪಟ್ಟಿಯಲ್ಲಿ ಥೈರಾಯ್ಡ್ ಇತ್ತು, ಕರುಳಿನ ಕ್ಯಾನ್ಸರ್ ಮರಳಿದೆಯೇ ಎಂದು ನಿಗಾ ಇಡಲು ರಕ್ತದಲ್ಲಿ ನೋಡುವ ಸಿಇಎ ಎಂಬ ಪ್ರೋಟೀನಿನ ಪರೀಕ್ಷೆ ಇತ್ತು, ಈ ಪ್ಯಾನೆಲ್ ಇರಲಿಲ್ಲ.

ಇದನ್ನು ಕೊಳ್ಳಲು ಯೋಚಿಸುತ್ತಿರುವವರಿಗೆ ನಾನು ಹೇಳಬಹುದಾದದ್ದು ಇಷ್ಟು: ದುಡ್ಡು ಕಟ್ಟುವ ಮೊದಲು ನಿಮ್ಮ ವೈದ್ಯರನ್ನು, ಉತ್ತರ ಕೆಂಪು ಬಂದರೆ ಏನು ಮಾಡುತ್ತೀರಿ, ಹಸಿರು ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ದುಡ್ಡಿನಲ್ಲಿ ಬಯಾಪ್ಸಿ ವರದಿಯ ಖಾಲಿ ಜಾಗಗಳನ್ನು ತುಂಬಿಸಿ. ಯಾವುದಾದರೂ ಆಸ್ಪತ್ರೆಯಲ್ಲಿ ನೈತಿಕ ಸಮಿತಿಯ ಒಪ್ಪಿಗೆಯೊಡನೆ ನಡೆಯುವ ಸಂಶೋಧನೆಗೆ ಇದೇ ರಕ್ತವನ್ನು ಕೇಳಿದರೆ ಮಾತ್ರ ಸಂತೋಷದಿಂದ ಕೊಡಿ; ಕರ್ನಾಟಕದವರ ರಕ್ತದಲ್ಲಿ ಈ ಗೆರೆ ಎಲ್ಲಿ ನಿಲ್ಲುತ್ತದೆಂದು ತಿಳಿಯುವುದಕ್ಕೆ ಬೇರೆ ದಾರಿಯಿಲ್ಲ. ಆದರೆ ಅಂಥ ಕಡೆ ರೋಗಿಯಿಂದ 26,500 ರೂಪಾಯಿ ತೆಗೆದುಕೊಳ್ಳುವ ಪದ್ಧತಿ ಇಲ್ಲ.

ಮಾವ ಈಗ ಮೂರು ತಿಂಗಳಿಗೊಮ್ಮೆ ಸಿಇಎ ನೋಡಿಸುತ್ತಾರೆ, ವರ್ಷ ತುಂಬಿದಾಗ ಕೊಲೊನೊಸ್ಕೋಪಿಯೂ ಸಿ.ಟಿ. ಸ್ಕ್ಯಾನೂ ಇದೆ. ಹಿಮೋಗ್ಲೋಬಿನ್ 12.4ಕ್ಕೆ ಬಂದಿದೆ. ಆರು ತಿಂಗಳಾದಾಗ ಪ್ರಯೋಗಾಲಯದಿಂದ ಫೋನ್ ಬಂತು: ಅಪಾಯಾಂಕ ಇಳಿದಿದೆಯೇ ಎಂದು ನೋಡಲು ಎರಡನೆಯ ಪರೀಕ್ಷೆಗೆ ಶೇಕಡಾ 30 ರಿಯಾಯಿತಿ ಇದೆಯಂತೆ. ಫೋನ್ ತೆಗೆದುಕೊಂಡವರು ಮಾವನೇ. ರಕ್ತ ತೆಗೆಯಲು ಅದೇ ಹುಡುಗನೇ ಬರುತ್ತಾನೆಯೇ ಎಂದು ವಿಚಾರಿಸಿ, ಅವನನ್ನು ಸುಮ್ಮನೆ ಕಾಫಿಗೆ ಕಳಿಸಿ ಎಂದು ಹೇಳಿ ಇಟ್ಟರು.